ಸಂಕ್ರಾಂತಿಯ ದಿನ ಗಿನಿಪಿಗ್‌ಗಳಿಗೆ ಅರಿಶಿನ ಹಚ್ಚಿದ್ದು

ಏನು ಕೆಲಸ ಎಂದು ನಮ್ಮೂರು ಕಟ್ಟಾಯದಲ್ಲಿ ಯಾರಾದರೂ ಕೇಳಿದರೆ "ಹಾಸನದಲ್ಲಿ, ಆಫೀಸು" ಎಂದು ಹೇಳಿ ಸೈಕಲ್ ಹತ್ತಿಬಿಡುತ್ತಿದ್ದೆ. ಆಫೀಸು ಇದ್ದದ್ದು ನಿಜ. ಆದರೆ ನಾನು ಇರುತ್ತಿದ್ದದ್ದು ಅದರ ಹಿಂದೆ, ಶೀಟು ಹೊದಿಸಿದ ಉದ್ದನೆಯ ಕೋಣೆಯಲ್ಲಿ. ಹಾಸನದಿಂದ ದುದ್ದದ ಕಡೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಹೊತ್ತಿಗೆ ಒಂದು ಸಣ್ಣ ಸಂಶೋಧನಾ ಕೇಂದ್ರವಿತ್ತು. ಈಗ ಅದು ಇಲ್ಲ, ಆ ಜಾಗದಲ್ಲಿ ಟೈಲ್ಸ್ ಅಂಗಡಿ ಇದೆ. ಹಿಂದಿನ ಕೋಣೆಗೆ ಪ್ರಾಣಿಮನೆ ಎನ್ನುತ್ತಿದ್ದರು. ತೊಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ಆ ಮನೆಯ ಯಜಮಾನ. ಬಿಳಿ ಇಲಿಗಳು, ನಾಲ್ಕಾರು ಮೊಲಗಳು, ಮತ್ತೆ ಗಿನಿಪಿಗ್‌ಗಳು ನನ್ನ ಸಂಸಾರ.

ಗಿನಿಪಿಗ್ ನೋಡದವರಿಗೆ ಹೇಳುತ್ತೇನೆ: ಬಾಲವಿಲ್ಲದ, ಕುತ್ತಿಗೆಯಿಲ್ಲದ, ತೆಂಗಿನಕಾಯಿಯಷ್ಟು ದಪ್ಪದ ಪ್ರಾಣಿ. ಬಾಗಿಲ ಹತ್ತಿರ ನನ್ನ ಚಪ್ಪಲಿ ಸದ್ದಾದರೆ ಸಾಕು, ಎಲ್ಲವೂ ಒಟ್ಟಿಗೆ ಸಿಳ್ಳೆ ಹಾಕುತ್ತಿದ್ದವು. ಹೆಂಡತಿ ಮಕ್ಕಳು ಕೂಡ ನಾನು ಬಂದಾಗ ಅಷ್ಟು ಸಂಭ್ರಮ ಪಟ್ಟವರಲ್ಲ. ಹೆಂಡತಿಗಂತೂ ಈ ಉದ್ಯೋಗ ದೊಡ್ಡ ತಮಾಷೆ.

"ಎಮ್ಮೆ ಮೇಯ್ಸೋರ ಮನೆಗೆ ಕೊಡ್ತೀವಿ ಅಂತ ಕರ್ಕಬಂದು ಇಲಿ ಮೇಯ್ಸೋನಿಗೆ ಕೊಟ್ಬುಟ್ರು ನಮ್ಮಪ್ಪ" ಎಂದು ನೆಂಟರ ಮುಂದೆಲ್ಲ ಹೇಳುತ್ತಿದ್ದಳು.

ನಾನು ಓದಿರುವುದು ಎಸ್ಸೆಸ್ಸೆಲ್ಸಿ. ಮುಂಚೆ ಹಾಲಿನ ಡೇರಿಯಲ್ಲಿ ಹಾಲು ಅಳೆಯುತ್ತಿದ್ದೆ. ದನ ಕರು ಸಾಕಿ ಗೊತ್ತಿರುವವನು ಬೇಕು ಎಂದು ಕೇಂದ್ರದವರು ಕೇಳಿದಾಗ ಯಾರೋ ನನ್ನ ಹೆಸರು ಹೇಳಿದರು. ದಿನಗೂಲಿ ಲೆಕ್ಕದ ಮೇಲೆ ಸೇರಿದೆ. ಬೆಳಿಗ್ಗೆ ಹೋಗಿ ಪಂಜರ ಗುಡಿಸುವುದು, ನೀರಿನ ಬಾಟ್ಲಿ ತೊಳೆಯುವುದು, ಕುದುರೆಮೆಂತ್ಯದ ಸೊಪ್ಪು, ಮೊಳಕೆ ಬಂದ ಕಡಲೆ, ಎಲೆಕೋಸಿನ ಸಿಪ್ಪೆ ಹಾಕುವುದು. ಸೂಜಿ ಚುಚ್ಚುವಾಗ ಪ್ರಾಣಿ ಹಿಡಿದುಕೊಳ್ಳುವುದೂ ನನ್ನದೇ. ಕಚ್ಚಿಸಿಕೊಳ್ಳದೆ ಹಿಡಿಯುವುದು ಒಂದು ವಿದ್ಯೆ. ಅದು ನನಗೆ ಚೆನ್ನಾಗಿ ಬರುತ್ತಿತ್ತು. ಇದೊಂದನ್ನು ಹೇಳಿಕೊಳ್ಳುತ್ತೇನೆ, ಮುಂದೆ ಹೇಳುವುದರಲ್ಲಿ ಹೊಗಳಿಕೊಳ್ಳುವಂಥದ್ದು ಇನ್ನೇನೂ ಇಲ್ಲ.

ಹೊಳೆನರಸೀಪುರದಿಂದ ದಿನವೂ ಬೆಳಗಿನ ಬಸ್ಸಿಗೆ ಒಬ್ಬ ಮೇಡಂ ಬರುತ್ತಿದ್ದರು. ಪಿಎಚ್‌ಡಿ ಮಾಡುತ್ತಿದ್ದವರು. ವಯಸ್ಸು ಇಪ್ಪತ್ತಾರೋ ಏಳೋ. ಅವರ ಮನೆಯವರು ತಲೆಮಾರುಗಳಿಂದ ದೇವಸ್ಥಾನದ ಬೀದಿಯವರು, ತಂದೆ ರಿಟೈರಾದ ಮೇಷ್ಟರು. ಮೇಡಂ ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಆದರೂ ಒಂದು ದಿನವೂ ಏಕವಚನದಲ್ಲಿ ಮಾತಾಡಿಸಲಿಲ್ಲ. ತಿಂಡಿ ತಂದರೆ ಡಬ್ಬಿಯ ಮುಚ್ಚಳದಲ್ಲಿ ನನಗೂ ಹಾಕಿ ಕೊಡುತ್ತಿದ್ದರು.

ಇಪ್ಪತ್ತನಾಲ್ಕು ಗಿನಿಪಿಗ್‌ಗಳನ್ನು ಅವರ ಪರೀಕ್ಷೆಗೆ ಎಂದು ಬೇರೆ ಇಟ್ಟಿದ್ದೆವು. ಎಲ್ಲವೂ ಬಿಳಿ, ಎಲ್ಲವೂ ಹೆಣ್ಣು. ಹೆಣ್ಣೇ ಏಕೆ ಎಂದು ಒಂದು ದಿನ ಕೇಳಿದೆ. ನಾಚಿಕೆ ಪಡುತ್ತಾರೇನೋ ಎಂದುಕೊಂಡರೆ, ಸಾರಿಗೆ ಎಷ್ಟು ಬೇಳೆ ಹಾಕಬೇಕು ಎಂದು ಹೇಳುವವರ ಹಾಗೆ ಹೇಳಿದರು.

"ಜ್ವರ ಬಂದಾಗ ತುಟಿ ಹತ್ರ ಗುಳ್ಳೆ ಏಳುತ್ತಲ್ಲ, ಅದರ ದಾಯಾದಿ ಕಾಯಿಲೆ ಇದು. ಏಳೋದು ಮಾತ್ರ ಹೇಳ್ಕೊಳ್ಳಕ್ಕಾಗದ ಜಾಗದಲ್ಲಿ. ಅದಕ್ಕೇ ಯಾರೂ ಡಾಕ್ಟ್ರ ಹತ್ರ ಹೋಗಲ್ಲ."

ಗಂಡ ಹೆಂಡತಿ ಕೂಡುವುದರಿಂದ ಒಬ್ಬರಿಂದ ಒಬ್ಬರಿಗೆ ಬರುತ್ತದೆ, ಹೆರಿಗೆಯಲ್ಲಿ ಕೂಸಿಗೂ ತಗಲಬಹುದು, ತಗಲಿದರೆ ಕೂಸಿನ ಜೀವಕ್ಕೇ ಅಪಾಯ ಎಂದರು. ಗುಳ್ಳೆ ಮಾಯುತ್ತದೆ, ಕಾಯಿಲೆ ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದ ನರದ ಗಂಟಿನಲ್ಲಿ ಹೋಗಿ ಅಡಗಿ ಕೂರುತ್ತದೆ, ಮೈ ದಣಿದಾಗ ಮತ್ತೆ ಅದೇ ಜಾಗಕ್ಕೆ ಇಳಿಯುತ್ತದೆ. ಬಿಳಿ ಇಲಿಗೆ ಹಾಕಿದರೆ ಇಲಿ ಸತ್ತೇ ಹೋಗುತ್ತದೆ. ಗಿನಿಪಿಗ್‌ಗೆ ಮಾತ್ರ ಮನುಷ್ಯರಿಗೆ ಬಂದ ಹಾಗೆಯೇ ಗುಳ್ಳೆ ಬಂದು, ಮಾಯ್ದು, ತಿರುಗಿ ಬರುತ್ತದೆ. ಆದ್ದರಿಂದ ಇವು.

ಮೇಡಂ ಅವರ ಗುರುಗಳು ಬೆಂಗಳೂರಿನಿಂದ ತಿಂಗಳಿಗೊಮ್ಮೆ ಬಂದು ಹೋಗುವ ದೊಡ್ಡ ಮನುಷ್ಯರು, ಕೇಂದ್ರದ ಮುಖ್ಯಸ್ಥರೂ ಅವರೇ. ಅವರು ಒಂದು ಲಸಿಕೆ ತಯಾರಿಸಿದ್ದರು. ಹನ್ನೆರಡು ಪ್ರಾಣಿಗಳಿಗೆ ಲಸಿಕೆ, ಉಳಿದ ಹನ್ನೆರಡಕ್ಕೆ ಬರೀ ಉಪ್ಪುನೀರು. ಮೂರು ವಾರ ಬಿಟ್ಟು ಎರಡನೆಯ ಸೂಜಿ. ಇನ್ನೂ ಸ್ವಲ್ಪ ದಿನ ಬಿಟ್ಟು ಇಪ್ಪತ್ತನಾಲ್ಕಕ್ಕೂ ರೋಗದ ವೈರಸ್ ಹಾಕುವುದು. ಲಸಿಕೆ ಪಡೆದವುಗಳ ಮೈ ಶತ್ರುವನ್ನು ಗುರುತು ಹಿಡಿದು ತಡೆದರೆ ಮೇಡಂ ಗೆದ್ದರು. ಎರಡು ಗುಂಪಿಗೂ ಒಂದೇ ರೀತಿ ಗುಳ್ಳೆ ಎದ್ದರೆ ಮೂರು ವರ್ಷದ ಕೆಲಸ ಹೊಳೆಗೆ. ಇನ್ನೊಂದು ಸಲ ಮಾಡಲು ಕೇಂದ್ರದಲ್ಲಿ ಅನುಕೂಲವಿರಲಿಲ್ಲ, ಮನೆಯಲ್ಲಿ ಅವರ ತಂದೆಯೂ ಕಾಯುವವರಲ್ಲ. ಈ ವರ್ಷ ಮುಗಿಸು, ಇಲ್ಲದಿದ್ದರೆ ಮದುವೆಗೆ ಒಪ್ಪು ಎಂದು ಹೇಳಿದ್ದರಂತೆ.

ಯಾವ ಪ್ರಾಣಿಗೆ ಏನು ಹಾಕಿದೆ ಎಂದು ತಿಳಿಯುವುದಕ್ಕೆ ಹಳದಿ ಬಣ್ಣದ ಬೊಟ್ಟು ಇಡುತ್ತಿದ್ದೆವು. ಸಣ್ಣ ಕಡ್ಡಿಗೆ ಹತ್ತಿ ಸುತ್ತಿ, ಬಾಟ್ಲಿಯಲ್ಲಿದ್ದ ಹಳದಿ ಔಷಧಿಯಲ್ಲಿ ಅದ್ದಿ, ಒಂದಕ್ಕೆ ತಲೆಯ ಮೇಲೆ, ಒಂದಕ್ಕೆ ಎಡ ಭುಜಕ್ಕೆ, ಒಂದಕ್ಕೆ ಬೆನ್ನಿಗೆ, ಹೀಗೆ. ಬೊಟ್ಟು ಎಲ್ಲಿದೆ, ಎಷ್ಟಿದೆ ಎಂದು ನೋಡಿದರೆ ಸಂಖ್ಯೆ ಗೊತ್ತಾಗುತ್ತದೆ. ಸಂಖ್ಯೆ ಗೊತ್ತಾದರೆ ಮೇಡಂ ನೋಟ್‌ಬುಕ್ಕಿನಲ್ಲಿ ಅದರ ಜಾತಕವೇ ಇರುತ್ತದೆ.

ನನಗೆ ಸಂಖ್ಯೆಗಿಂತ ನೆಂಟಸ್ತಿಕೆ ಸುಲಭ. ಇಪ್ಪತ್ತನಾಲ್ಕರಲ್ಲಿ ಏಳನ್ನು ಮುಖ ನೋಡಿಯೇ ಗುರುತಿಸುತ್ತಿದ್ದೆ. ಎಲ್ಲರ ಸೊಪ್ಪಿಗೂ ಬಾಯಿ ಹಾಕುವವಳು ಅತ್ತೆ. ಕಿವಿ ಹರಿದವಳು ನಾದಿನಿ. ಮೂಲೆಯಲ್ಲೇ ಕೂರುವವಳು ಹೊಸ ಸೊಸೆ. ದೊಡ್ಡಮ್ಮ ಒಬ್ಬಳಿದ್ದಳು, ಓರಗಿತ್ತಿಯರು ಇಬ್ಬರು, ಸದಾ ಬೇರೆಯವರ ಮೈ ನೆಕ್ಕುವ ಸೂಲಗಿತ್ತಿ ಒಬ್ಬಳು. ಉಳಿದ ಹದಿನೇಳೂ ನನಗೆ ಒಂದೇ ಅಚ್ಚಿನವು.

ಎರಡನೆಯ ಸೂಜಿಯೂ ಆಗಿ ಸಂಕ್ರಾಂತಿ ಬಂತು. ಹಬ್ಬದ ಹಿಂದಿನ ಸಂಜೆ ಮೇಡಂ ಮರುದಿನಕ್ಕೆ ರಜೆ ಹಾಕಿ ಊರಿಗೆ ಹೊರಟರು. ಹಬ್ಬ ಕಳೆದು ಎಂಟನೆಯ ದಿನಕ್ಕೆ ವೈರಸ್ ಹಾಕುವುದೆಂದು ಗೊತ್ತಾಗಿತ್ತು. ಹುಷಾರಾಗಿ ನೋಡಿಕೊಳ್ಳಿ, ಹಬ್ಬದ ದಿನ ನಿಮಗೆ ರಜೆ ಕೊಡಲಾಗಲಿಲ್ಲ, ತಪ್ಪು ತಿಳಿಯಬೇಡಿ ಎಂದು ಎರಡೆರಡು ಸಲ ಹೇಳಿ ಹೋದರು.

ನಮ್ಮ ಕಡೆ ಸಂಕ್ರಾಂತಿ ಎಂದರೆ ದನದ ಹಬ್ಬ. ಬೆಳಿಗ್ಗೆಯೇ ಕೆರೆಗೆ ಹೊಡೆದುಕೊಂಡು ಹೋಗಿ ಮೈ ತೊಳೆದು, ಅರಿಶಿನ ಬಳಿದು, ಕೊಂಬಿಗೆ ಬಣ್ಣ ಹಚ್ಚಿ, ಸಂಜೆ ಕಿಚ್ಚು ಹಾಯಿಸುತ್ತೇವೆ. ವರ್ಷವೆಲ್ಲ ನಮಗಾಗಿ ದುಡಿದ ಪ್ರಾಣಿಯನ್ನು ಆ ದಿನ ಹಾಗೆಯೇ ಬಿಡಬಾರದು. ಬಿಟ್ಟರೆ ಅದಕ್ಕೆ ದೃಷ್ಟಿ, ನಮಗೆ ಪಾಪ. ಹುಟ್ಟಿದಾಗಿನಿಂದ ನಾನು ದನದ ಮೈ ತೊಳೆಯದ ಸಂಕ್ರಾಂತಿ ಅದೊಂದೇ. ಹೆಂಡತಿ ಹಿಂದಿನ ದಿನವೇ ಎಳ್ಳು ಬೆಲ್ಲ, ಒಂದು ಪೊಟ್ಟಣ ಅರಿಶಿನ ಕಟ್ಟಿ ಕೊಟ್ಟಿದ್ದಳು. ಅರಿಶಿನ ಕೊಟ್ಟದ್ದು ಕೇಂದ್ರದ ಬಾಗಿಲಿಗೆ ಹಚ್ಚಲಿ ಎಂದು.

ಬಾಗಿಲಿಗೆ ಹಚ್ಚಿದೆ. ಪೊಟ್ಟಣ ಇನ್ನೂ ಮುಕ್ಕಾಲು ಪಾಲು ಉಳಿಯಿತು. ಒಳಗೆ ಎಲ್ಲ ಸಿಳ್ಳೆ ಹಾಕುತ್ತಿದ್ದವು. ಇವೂ ನನ್ನ ದನಗಳೇ ತಾನೆ ಎನಿಸಿತು. ಇನ್ನು ಎಂಟು ದಿನಕ್ಕೆ ಇವಕ್ಕೆ ರೋಗ ಹಾಕುತ್ತಾರೆ, ಅಷ್ಟರೊಳಗೆ ಒಂದು ಹಬ್ಬವಾದರೂ ಮಾಡೋಣ ಎಂದು ಮನಸ್ಸು ಕರಗಿತು. ಆ ಕರಗುವಿಕೆಯಲ್ಲಿ ಒಂದು ಚೂರೂ ಕೆಟ್ಟ ಯೋಚನೆ ಇರಲಿಲ್ಲ. ತಲೆಯೂ ಇರಲಿಲ್ಲ.

ನೀರು ಬೆಚ್ಚಗೆ ಮಾಡಿದೆ. ಸೀಗೆಪುಡಿ ಕಲಸಿದೆ. ಒಂದೊಂದನ್ನೇ ಬೋಗುಣಿಯಲ್ಲಿ ಕೂರಿಸಿ ತೊಳೆದು, ಒರೆಸಿ, ತಲೆಯಿಂದ ಹಿಂಭಾಗದವರೆಗೆ ಅರಿಶಿನ ಬಳಿದೆ. ಚಳಿ ಆಗಬಾರದೆಂದು ಅಂಗಳದಲ್ಲಿ ಬಿಸಿಲಿಗೆ ಗೋಣಿತಾಟು ಹಾಸಿ, ಸುತ್ತ ತಂತಿಬಲೆ ಕಟ್ಟಿ, ಆದವನ್ನು ಆದ ಹಾಗೆ ಅದರೊಳಗೆ ಬಿಟ್ಟೆ. ಕಿಚ್ಚು ಹಾಯಿಸುವುದು ಮಾತ್ರ ಬೇಡವೆಂದು ತೀರ್ಮಾನಿಸಿದೆ. ಅಷ್ಟು ವಿವೇಕ ಇತ್ತು. ಎಲ್ಲ ಮುಗಿಸಿ, ಬಾಯಿಗೆ ಎಳ್ಳು ಬೆಲ್ಲ ಹಾಕಿಕೊಂಡು, ಸೊಂಟದ ಮೇಲೆ ಕೈ ಇಟ್ಟು ನೋಡಿದೆ. ಬಿಸಿಲಿನಲ್ಲಿ ಇಪ್ಪತ್ತನಾಲ್ಕು ಹಳದಿ ಉಂಡೆಗಳು, ಒಬ್ಬಟ್ಟಿಗೆ ಕಟ್ಟಿಟ್ಟ ಹೂರಣದ ಹಾಗೆ, ಸಾಲಾಗಿ ಕೂತು ಸೊಪ್ಪು ತಿನ್ನುತ್ತಿದ್ದವು. ಎಷ್ಟು ಚೆಂದ ಇದ್ದವೆಂದರೆ ಮೇಡಂಗೆ ತೋರಿಸಬೇಕು ಎನಿಸಿತು.

ಮೇಡಂ ಎಂದ ಕೂಡಲೇ ಬೊಟ್ಟಿನ ನೆನಪಾಯಿತು.

ಬಾಯಿಯಲ್ಲಿದ್ದ ಎಳ್ಳು ಅಲ್ಲೇ ನಿಂತಿತು. ತಲೆಯಿಂದ ಕಾಲಿನವರೆಗೆ ಹಳದಿಯಾದ ಪ್ರಾಣಿಯ ಮೇಲೆ ಹಳದಿ ಬೊಟ್ಟು ಎಲ್ಲಿ ಹುಡುಕುವುದು? ಓಡಿಹೋಗಿ ಇನ್ನೊಂದು ಹಂಡೆ ನೀರು ಕಾಯಿಸಿ ಮತ್ತೆ ತೊಳೆದೆ, ಸೋಪು ಹಾಕಿ ತಿಕ್ಕಿದೆ. ಅರಿಶಿನ ಅರ್ಧ ಹೋಯಿತು, ಅರ್ಧ ಉಳಿಯಿತು. ಬೊಟ್ಟು ಉಳಿದಿತ್ತೋ ಹೋಗಿತ್ತೋ ಹೇಳುವುದಕ್ಕಾಗದ ಹಾಗೆ ಎಲ್ಲವೂ ತಿಳಿ ಹಳದಿ. ಅತ್ತೆ, ನಾದಿನಿ, ಹೊಸ ಸೊಸೆ ಎಂದು ನನಗೆ ಗುರುತಿದ್ದ ಏಳನ್ನು ಅವರವರ ಪಂಜರಕ್ಕೆ ಬಿಟ್ಟೆ. ಮಿಕ್ಕ ಹದಿನೇಳು ನನ್ನನ್ನೇ ನೋಡುತ್ತಿದ್ದವು. ಒಂದೇ ಪಂಜರದವು ಒಟ್ಟಿಗೆ ಕೂರುತ್ತವೇನೋ ಎಂದು ಸ್ವಲ್ಪ ಹೊತ್ತು ಕಾದೆ. ಅವು ಸೊಪ್ಪು ಇದ್ದ ಕಡೆ ಕೂತವು. ಕಡೆಗೆ, ಜಾತಕ ನೋಡದೆ ಸಾಮೂಹಿಕ ಮದುವೆ ಮಾಡಿಸಿದ ಹಾಗೆ, ಕೈಗೆ ಸಿಕ್ಕಿದ್ದನ್ನು ಸಿಕ್ಕಿದ ಪಂಜರಕ್ಕೆ ತುಂಬಿದೆ. ಬಾಟ್ಲಿ ತೆಗೆದು, ಪಂಜರದ ಮೇಲಿನ ಚೀಟಿ ನೋಡಿಕೊಂಡು, ಎಲ್ಲಕ್ಕೂ ಹೊಸದಾಗಿ ಗಾಢವಾಗಿ ಬೊಟ್ಟು ಇಟ್ಟೆ.

ಮರುದಿನ ಮೇಡಂ ಬಂದವರೇ ಮೂಗು ಅರಳಿಸಿದರು. ಅರಿಶಿನದ ವಾಸನೆ ಬರುತ್ತಿದೆಯಲ್ಲ ಎಂದರು. ಹಬ್ಬ ಅಲ್ಲವೇ, ಬಾಗಿಲಿಗೆ ಹಚ್ಚಿದ್ದೇನೆ ಎಂದೆ. ಇವೇಕೆ ಹಳದಿಯಾಗಿವೆ ಎಂದರು. ಪಂಜರಕ್ಕೆ ಹಾಸಿದ್ದು ಹೊಸ ಹುಲ್ಲು, ಹಸಿ ಇತ್ತು, ಬಣ್ಣ ಬಿಟ್ಟಿದೆ ಎಂದೆ. ಬೊಟ್ಟು ಮಾಸಿದ್ದಕ್ಕೆ ನಾನೇ ಮೇಲೆ ಇನ್ನೊಂದು ಸಲ ಇಟ್ಟೆ ಎಂದೂ ಸೇರಿಸಿದೆ. ಅವರು ಖುಷಿಪಟ್ಟು, ನೀವು ಇಲ್ಲದಿದ್ದರೆ ನನ್ನ ಗತಿ ಏನು ಎಂದು ತಮ್ಮ ಮನೆಯ ಸಕ್ಕರೆ ಅಚ್ಚು ಕೊಟ್ಟರು. ಅದನ್ನು ಜೇಬಿಗೆ ಹಾಕಿಕೊಂಡು ನೀರಿನ ಬಾಟ್ಲಿ ತೊಳೆಯಲು ಹೋದೆ.

ಆ ಸಂಜೆ ಊರಿಗೆ ಹೋದಾಗ ಹೆಂಡತಿಗೆ ಎಲ್ಲ ಹೇಳಿದೆ. ಗಿನಿಪಿಗ್‌ಗೆ ಸೀಗೆಪುಡಿ ಹಾಕಿದ್ದು ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, ನಗು ನಿಲ್ಲಿಸಿದಳು.

"ಓಗಿ ಏಳ್ಬುಡು. ಆಯಮ್ಮ ಒಳ್ಳೇವ್ರು. ಬೈದ್ರೆ ಬೈಸ್ಕೊ, ಅದ್ಕೇನಂತೆ" ಎಂದಳು.

ಅದಕ್ಕೇನಂತೆ ಎನ್ನುವುದು ಅವಳಿಗೆ ಸುಲಭ. ಆ ತಿಂಗಳು ನನ್ನನ್ನು ಖಾಯಂ ಮಾಡುವ ಕಾಗದ ಗುರುಗಳ ಮೇಜಿನ ಮೇಲಿತ್ತು. ಪ್ರಾಣಿಗಳಿಗೆ ಹಬ್ಬದ ಸ್ನಾನ ಮಾಡಿಸಿದವನನ್ನು ಯಾರು ಖಾಯಂ ಮಾಡುತ್ತಾರೆ? ನಾಳೆ ಹೇಳೋಣ ಎಂದುಕೊಂಡೆ. ನಾಳೆ ಮೇಡಂಗೆ ತಲೆನೋವಿತ್ತು. ಮರುದಿನ ಅವರು ಬಹಳ ಸಂತೋಷವಾಗಿದ್ದರು, ಕೆಡಿಸುವುದು ಬೇಡ ಎನಿಸಿತು. ಅದರ ಮರುದಿನ ಅವರನ್ನು ನೋಡಲು ನೆಂಟರು ಯಾರೋ ಬಂದಿದ್ದರು. ಆಮೇಲೆ ಭಾನುವಾರ. ಹೀಗೆ ಎಂಟು ದಿನ ಕಳೆದವು. ಎಂಟನೆಯ ದಿನ ನಾನೇ ಒಂದೊಂದನ್ನೂ ಅಂಗಾತ ಹಿಡಿದುಕೊಂಡೆ, ಮೇಡಂ ವೈರಸ್ ಹಾಕಿದರು. ಒಂದೊಂದನ್ನೂ ಪಂಜರಕ್ಕೆ ಬಿಡುವ ಮುಂಚೆ ತಲೆ ಸವರಿ ಬಿಟ್ಟೆ. ಅವರು ಅದನ್ನು ಕಂಡು, ಪಾಪ ನಿಮಗೆ ಇವುಗಳ ಮೇಲೆ ಅಷ್ಟು ಪ್ರೀತಿ ಎಂದರು.

ನಾಲ್ಕೈದು ದಿನಕ್ಕೆ ಗುಳ್ಳೆ ಏಳಲು ಶುರುವಾಯಿತು. ಮೇಡಂ ದಿನವೂ ಬಂದು, ಲಸಿಕೆ ಯಾವುದಕ್ಕೆ ಬಿದ್ದಿದೆ ಎಂಬ ಪಟ್ಟಿ ತೆರೆಯದೆ, ಬರೀ ಸಂಖ್ಯೆ ನೋಡಿ ಅಂಕ ಹಾಕುತ್ತಿದ್ದರು. ಏನೂ ಇಲ್ಲದಿದ್ದರೆ ಸೊನ್ನೆ, ಕೆಂಪಗಾಗಿದ್ದರೆ ಒಂದು, ಗುಳ್ಳೆ ಹೆಚ್ಚಿದ ಹಾಗೆ ಎರಡು, ಮೂರು, ನಾಲ್ಕು. ಕೆಲವಕ್ಕೆ ಏನೇನೂ ಆಗಲಿಲ್ಲ. ಕೆಲವು ನೋಡಲಾಗದಷ್ಟು ನರಳಿದವು. ಉಚ್ಚೆ ಕಟ್ಟಿಕೊಂಡಾಗ ನಾನು ಮೆಲ್ಲಗೆ ಹೊಟ್ಟೆ ಒತ್ತಿ ಬಿಡಿಸಬೇಕಾಗುತ್ತಿತ್ತು. ಮೂರು ವಾರ ಮುಗಿದ ಮೇಲೆ ಗುರುಗಳ ಎದುರಿಗೆ ಪಟ್ಟಿ ತೆರೆದು ಅಂಕ ಕೂಡಿದರು. ಎರಡು ಗುಂಪಿಗೂ ವ್ಯತ್ಯಾಸ ಇದ್ದೂ ಇಲ್ಲದ ಹಾಗೆ ಬಂತು. ಲಸಿಕೆ ಹಾಕಿದವುಗಳಲ್ಲಿ ಅರ್ಧ ನರಳಿವೆ, ಹಾಕದವುಗಳಲ್ಲಿ ಅರ್ಧ ಆರಾಮಾಗಿವೆ. ಗುರುಗಳಿಗೆ ತಮ್ಮ ಲಸಿಕೆಯ ಮೇಲೆ ಬಹಳ ನಂಬಿಕೆ. ಮೇಡಂ ಮುಖ ನೋಡಿ, ಸೂಜಿ ಸರಿಯಾಗಿ ಹಾಕಿದ್ದೀಯೇನಮ್ಮ ಎಂದರು. ನಾನು ಬಾಗಿಲಲ್ಲಿ ಕಾಫಿ ತಟ್ಟೆ ಹಿಡಿದು ನಿಂತಿದ್ದೆ.

"ನನ್ನ ಕೈಯಲ್ಲೇ ಏನೋ ತಪ್ಪಾಗಿರ್ಬೇಕು ಸರ್" ಎಂದರು ಮೇಡಂ.

ಬಾಯಿ ತೆರೆಯಬೇಕಾದ ಜಾಗ ಅದು. ನಾನು ಕಾಫಿ ಇಟ್ಟು ಬಂದೆ. ಗುರುಗಳು ಅದೇ ದಿನ ಹೋಗುವ ಮುಂಚೆ ನನ್ನ ಖಾಯಂ ಕಾಗದಕ್ಕೆ ಸಹಿ ಹಾಕಿದರು.

ಮೇಡಂ ಎರಡು ತಿಂಗಳಲ್ಲಿ ಪಿಎಚ್‌ಡಿ ಬಿಟ್ಟು ಹೋದರು. ಅವರ ಕೋಣೆಯ ಕಾಗದಗಳನ್ನೆಲ್ಲ ರದ್ದಿಗೆ ಹಾಕಿ ಎಂದು ಹೇಳಿದ್ದರು. ಅಂಕ ಹಾಕಿದ ಆ ನೋಟ್‌ಬುಕ್ ಮಾತ್ರ ನನಗೆ ರದ್ದಿಗೆ ಹಾಕಲಾಗಲಿಲ್ಲ. ಇದನ್ನು ಕೊಡುವ ನೆಪದಲ್ಲಿ ಹೋಗಿ ಎಲ್ಲ ಹೇಳಿಬಿಡೋಣ ಎಂದು ಒಂದು ಭಾನುವಾರ ಹೊಳೆನರಸೀಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಬಾಗಿಲು ತೆರೆದವರು ಅವರ ತಂದೆ. ಮಗಳು ಚನ್ನರಾಯಪಟ್ಟಣಕ್ಕೆ ಇಂಟರ್‌ವ್ಯೂಗೆ ಹೋಗಿದ್ದಾಳೆ, ಕೂತುಕೊಳ್ಳಿ ಎಂದು ಜಗುಲಿಯಲ್ಲಿ ಚಾಪೆ ಹಾಕಿಸಿ ಕಾಫಿ ತರಿಸಿದರು. ಸ್ವಲ್ಪ ಹೊತ್ತು ಮಳೆ ಬೆಳೆ ವಿಚಾರಿಸಿದರು. ಆಮೇಲೆ ಹತ್ತಿರಕ್ಕೆ ಸರಿದು, ದನಿ ತಗ್ಗಿಸಿದರು.

"ಅದೇನು ಕಾಯಿಲೆ ಅಂತ ನಮ್ಮುಡುಗಿ ಇವತ್ತಿನವರೆಗೂ ಸರಿಯಾಗಿ ಹೇಳ್ಲಿಲ್ಲ ನೋಡಿ. ನಿಮಗೆ ಗೊತ್ತಿರುತ್ತಲ್ಲ?"

ಪಂಚೆ, ಶಲ್ಯ, ಹಣೆಯಲ್ಲಿ ನಾಮ. ಒಳಗಿನಿಂದ ಮಂತ್ರದ ಕ್ಯಾಸೆಟ್ಟು ಕೇಳಿಸುತ್ತಿತ್ತು. ಆ ಜಗುಲಿಯಲ್ಲಿ ಕೂತು ನಾನು ಹೇಗೆ ಹೇಳಲಿ?

"ಬಾಯುಣ್ಣು ಸಾ" ಎಂದೆ.

"ಬಾಯಿಹುಣ್ಣಿಗೆ ಮೂರು ವರ್ಷವೇ?" ಎಂದರು ಮೇಷ್ಟರು.

ಜಾಸ್ತಿ ಆದ ಬಾಯಿಹುಣ್ಣು ಎಂದು ಹೇಳಿ ನೋಟ್‌ಬುಕ್ ಅವರ ಕೈಗೆ ಕೊಟ್ಟು ಎದ್ದೆ. ಒಂದು ಸುಳ್ಳು ಒಪ್ಪಿಕೊಳ್ಳಲು ಹೋದವನು ಇನ್ನೊಂದು ಹೇಳಿ ಬಂದೆ.

ಅರಕಲಗೂಡಿನಲ್ಲಿ ಮೇಡಂ ಅವರ ಮದುವೆ ಆಯಿತು. ಗಂಡಿನ ಕಡೆಯವರು ಅಲ್ಲಿಯವರು. ನನಗೂ ಆಮಂತ್ರಣ ಪತ್ರಿಕೆ ಬಂದಿತ್ತು, ಮೇಲೆ ಅವರ ಕೈಯಕ್ಷರದಲ್ಲೇ ವಿಳಾಸ. ಅಲ್ಲಿ ಹೇಳುವುದೆಂದು ಶಪಥ ಮಾಡಿ ಹೋದೆ. ಮದುವೆ ಮನೆಯಲ್ಲಿ ಹೆಣ್ಣನ್ನು ಪಕ್ಕಕ್ಕೆ ಕರೆದು ಗಿನಿಪಿಗ್ ವಿಷಯ ಹೇಳುವುದು ಸಾಧ್ಯವೇ? ಅಕ್ಷತೆ ಹಾಕಿದೆ, ಎರಡು ಸಲ ಚಿರೋಟಿ ಹಾಕಿಸಿಕೊಂಡೆ, ಕೊಣನೂರಿನಿಂದ ಬಂದಿದ್ದ ಯಾರೋ ಪರಿಚಯವಾದರು, ಅವರ ಜೊತೆ ಎಲೆ ಅಡಿಕೆ ಹಾಕಿ ಬಸ್ಸಿಗೆ ಬಂದೆ. ಮನೆಗೆ ಬಂದಾಗ ಹೆಂಡತಿ ಮುಖ ನೋಡಿದವಳೇ "ಉಂಡ್ಕಬಂದಾ?" ಎಂದಳು. ಬೇರೇನೂ ಕೇಳಲಿಲ್ಲ. ಕೇಳಿದ್ದರೆ ವಾಸಿ ಇತ್ತು.

ವರ್ಷಗಳು ಹಾಗೇ ಹೋದವು. ಕೇಂದ್ರ ಮುಚ್ಚಿತು. ನಾನು ಊರಿಗೆ ಬಂದು ಎರಡು ಹಸು ಕಟ್ಟಿದೆ. ಪ್ರತಿ ಸಂಕ್ರಾಂತಿ ಅರಿಶಿನ ಕಲಸುವಾಗ ಹೆಂಡತಿ ಒಂದು ಸಲ ತಲೆ ಎತ್ತಿ ನೋಡುವಳು, ನಾನು ಕೊಂಬಿಗೆ ಬಣ್ಣ ಹಚ್ಚುವುದರಲ್ಲಿ ಬಹಳ ಮಗ್ನನಾಗಿರುವೆ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ತಮ್ಮನ ಮಗಳನ್ನು ಪಿಯುಸಿಗೆ ಸೇರಿಸಲು ಚನ್ನರಾಯಪಟ್ಟಣದ ಒಂದು ಕಾಲೇಜಿಗೆ ಕರೆದುಕೊಂಡು ಹೋದೆ. ಮೇಡಂ ಆ ಊರಿನಲ್ಲೇ ಇದ್ದಾರೆ ಎಂದು ಗೊತ್ತಿತ್ತು, ಅದೇ ಕಾಲೇಜು ಎಂದು ಗೊತ್ತಿರಲಿಲ್ಲ. ಅರ್ಜಿ ತೆಗೆದುಕೊಳ್ಳುವ ಮೇಜಿನ ಹಿಂದೆ ಅವರೇ ಕೂತಿದ್ದರು. ಕನ್ನಡಕ ಬಂದಿತ್ತು. ನನ್ನನ್ನು ಕಂಡದ್ದೇ ಎದ್ದು ನಿಂತರು. ಪಕ್ಕದಲ್ಲಿದ್ದ ಇಬ್ಬರು ಲೆಕ್ಚರರ್‌ಗಳನ್ನು ಕರೆದು ಪರಿಚಯ ಮಾಡಿಸಿದರು.

"ನಮ್ಮ ಪ್ರಾಣಿಮನೆ ಯಜಮಾನ್ರು ಇವ್ರು. ಮಕ್ಕಳಿಗಿಂತ ಚೆನ್ನಾಗಿ ನೋಡ್ಕೊಂಡ್ರು. ನಾನೇ ಸೂಜಿ ನೆಟ್ಟಗೆ ಹಾಕ್ದೆ ಎಲ್ಲ ಹಾಳ್ಮಾಡ್ದೆ" ಎಂದು ನಕ್ಕರು.

ಅವರು ನಕ್ಕ ರೀತಿಯಿಂದ ಗೊತ್ತಾಯಿತು, ಆ ಮಾತು ಅವರು ಬಹಳ ಸಲ, ಬಹಳ ಜನರಿಗೆ ಹೇಳಿದ್ದಾರೆ. ಇಷ್ಟು ವರ್ಷ ಅವರು ಕಳೆದುಕೊಂಡದ್ದು ಒಂದು ಪಿಎಚ್‌ಡಿ ಎಂದುಕೊಂಡಿದ್ದೆ. ತಮ್ಮ ಕೈಯ ಮೇಲಿನ ನಂಬಿಕೆಯೇ ಹೋಗಿದೆ ಎಂದು ಅಲ್ಲಿಯವರೆಗೆ ನನ್ನ ಬುದ್ಧಿಗೆ ಬಂದಿರಲಿಲ್ಲ. ಒಂದು ನಿಮಿಷ ಮಾತಾಡಬೇಕು ಎಂದೆ. ಪ್ರಯೋಗಾಲಯಕ್ಕೆ ಕರೆದುಕೊಂಡು ಹೋದರು. ನಿಂತುಕೊಂಡೇ ಹೇಳಿದೆ. ಬೋಗುಣಿ, ಸೀಗೆಪುಡಿ, ಅರಿಶಿನ, ಗೋಣಿತಾಟು, ಮುಖದ ಗುರುತು ಸಿಕ್ಕಿದ್ದು ಏಳೇ ಏಳು, ಹೊಸ ಬೊಟ್ಟು. ಅವರು ಸ್ಟೂಲಿನ ಮೇಲೆ ಕೂತರು. ನಗುತ್ತಾರೆಂದು ಒಂದು ಕ್ಷಣ ಅನಿಸಿತು, ತುಟಿ ಹಾಗೆ ಆಯಿತು.

"ಹಬ್ಬದ ದಿನವೇನಾ?" ಎಂದರು.

"ಊ ಮೇಡಂ. ಅಬ್ಬದ್ ದಿನವೇ."

"ಆಮೇಲೆ ಎಂಟು ದಿನ ಇತ್ತು."

"ಇತ್ತು."

"ಆ ಎಂಟು ದಿನದಲ್ಲಿ ಹೇಳಿದ್ರೆ ಒಂದೊಂದು ತೊಟ್ಟು ರಕ್ತ ತೆಗೆದು ನೋಡಿದ್ರೆ ಸಾಕಾಗಿತ್ತು. ಲಸಿಕೆ ಬಿದ್ದಿರೋ ಮೈಯ ರಕ್ತ ಬೇರೆ ಥರ ಇರುತ್ತೆ. ಯಾವ್ದು ಯಾವ್ದು ಅಂತ ಸಾಯಂಕಾಲದೊಳಗೆ ಗೊತ್ತಾಗೋದು. ವೈರಸ್ ಹಾಕಿದ್ಮೇಲೆ ಎಲ್ಲದರ ರಕ್ತವೂ ಒಂದೇ ಹೇಳುತ್ತೆ."

ಅರಿಶಿನ ಹಚ್ಚಿದ್ದೇ ನನ್ನ ತಪ್ಪು ಎಂದು ಹತ್ತು ವರ್ಷ ಕೊರಗಿದವನು ನಾನು. ಅದು ತಪ್ಪೇ ಅಲ್ಲ, ಒಂದು ಮಧ್ಯಾಹ್ನದಲ್ಲಿ ಸರಿಮಾಡಬಹುದಾಗಿದ್ದ ಕೆಲಸ. ತಲೆನೋವು, ಭಾನುವಾರ, ನೆಂಟರು ಎಂದು ಕಳೆದ ಎಂಟು ದಿನಗಳೇ ತಪ್ಪು. ನಾನು ಏನೋ ಹೇಳಲು ಹೋದೆ, ಅವರು ಕೈ ಅಡ್ಡ ಹಿಡಿದರು. ಭಾನುವಾರ ಮನೆಗೆ ಬನ್ನಿ, ನೋಟ್‌ಬುಕ್ ಇದೆ, ನಿಮಗೆ ಗುರುತಿದ್ದ ಆ ಏಳು ಯಾವುವು ಎಂದು ನೆನಪು ಮಾಡಿಕೊಂಡು ಬನ್ನಿ ಎಂದರು. ತಮ್ಮನ ಮಗಳಿಗೆ ಸೀಟು ಕೊಟ್ಟರು.

ನೆನಪು ಮಾಡಿಕೊಳ್ಳುವುದೇನು, ಅವು ಮರೆತಿದ್ದರೆ ತಾನೆ. ಭಾನುವಾರ ಅವರ ಮನೆಯ ಊಟದ ಮೇಜಿನ ಮೇಲೆ ಅದೇ ನೋಟ್‌ಬುಕ್. ಅವರ ಯಜಮಾನರು ಪೇಪರ್ ಹಿಡಿದು ಒಳಗೆ ಹೋದರು. ನಾನು ಬೊಟ್ಟಿನ ಜಾಗ ಹೇಳುವುದು, ಅವರು ಸಂಖ್ಯೆ ಹುಡುಕಿ ಬೆರಳಿಟ್ಟು ಸಾಲು ಓದುವುದು. ಲಸಿಕೆ ಹಾಕಿದವರ ಪೈಕಿ ನನಗೆ ಖಾತ್ರಿಯಾಗಿ ಗೊತ್ತಿದ್ದವರು ನಾಲ್ವರು. ಅತ್ತೆಗೆ ಮೂರು ವಾರವೂ ಸೊನ್ನೆ. ಹೊಸ ಸೊಸೆಗೆ ಸೊನ್ನೆ. ಸೂಲಗಿತ್ತಿಗೆ ಒಂದೇ ಒಂದು ದಿನ ಕೆಂಪು, ಮರುದಿನ ಸೊನ್ನೆ. ದೊಡ್ಡಮ್ಮನಿಗೂ ಸೊನ್ನೆ. ಉಪ್ಪುನೀರಿನವರು ಮೂವರು. ಓರಗಿತ್ತಿಯರಿಬ್ಬರಿಗೂ ಮೂರು, ನಾಲ್ಕು ಎಂದು ಪುಟ ತುಂಬ. ನಾದಿನಿ ಹಿಂಗಾಲು ಎಳೆಯುತ್ತಿದ್ದಳು ಎಂದು ಪಕ್ಕದಲ್ಲಿ ಬರೆದಿತ್ತು.

ಮೇಡಂ ಮತ್ತೆ ಮೊದಲಿನಿಂದ ಬೆರಳು ಇಟ್ಟು ಓದಿದರು. ಮೂರನೆಯ ಸಲವೂ ಓದಿದರು.

"ಏಳೇ ಏಳು. ಅದೂ ಮುಖ ನೋಡಿ ಗುರುತು ಹಿಡಿದದ್ದು. ಇದನ್ನ ಯಾರೂ ಒಪ್ಪಲ್ಲ, ನಾನಾಗಿದ್ರೂ ಒಪ್ತಿರ್ಲಿಲ್ಲ" ಎಂದರು. ನೋಟ್‌ಬುಕ್ ಮುಚ್ಚಿ, "ಆದ್ರೆ ಸೂಜಿ ಬಿದ್ದಿತ್ತು ಕಣ್ರೀ. ಬಿದ್ದಿತ್ತು" ಎಂದರು.

ಎರಡು ಕೈಗಳನ್ನೂ ಮೇಜಿನ ಮೇಲೆ ಚಾಚಿ ನೋಡಿಕೊಂಡರು. ನಾನು ಕ್ಷಮಿಸಿ ಎಂದೆ. ಅದನ್ನು ಕೇಳಿಸಿಕೊಂಡರೋ ಇಲ್ಲವೋ. ಎದ್ದು ಒಳಗೆ ಹೋಗಿ ಮುಖ ತೊಳೆದು ಬಂದು, ತಟ್ಟೆ ಹಾಕಿದರು.

"ಊಟ ಮಾಡ್ಕೊಂಡು ಹೋಗಿ. ನಿಮ್ಮ ಮೇಲೆ ನನಗೆ ತುಂಬ ಸಿಟ್ಟಿದೆ. ಅದು ಇಳಿದಾಗ ನಾನೇ ಕಾಗದ ಬರೀತೀನಿ. ಅಲ್ಲಿಗಂಟ ಬರ್ಬೇಡಿ."

ಹುರುಳಿಕಾಳಿನ ಸಾರು, ಅನ್ನ. ಅವರೇ ಬಡಿಸಿದರು, ಎರಡನೆಯ ಸಲ ಬೇಕೇ ಎಂದೂ ಕೇಳಿದರು. ನಾನು ತಟ್ಟೆ ಖಾಲಿ ಮಾಡಿ, ತೊಳೆದಿಟ್ಟು, ಬಸ್‌ಸ್ಟ್ಯಾಂಡಿಗೆ ನಡೆದೆ. ಮನೆಯಲ್ಲಿ ಹೆಂಡತಿ ಎಲ್ಲ ಕೇಳಿಸಿಕೊಂಡು, ಸಿಟ್ಟು ಮಾಡಿಕೊಂಡರಲ್ಲ, ಒಳ್ಳೆಯದಾಯಿತು ಎಂದಳು. ಏಕೆ ಒಳ್ಳೆಯದು ಎಂದರೆ, ಇಷ್ಟು ದಿನ ಅವರು ತಮ್ಮ ಮೇಲೇ ಸಿಟ್ಟಾಗಿದ್ದರಲ್ಲ ಎಂದಳು.

ಈಗ ಪೋಸ್ಟ್‌ಮ್ಯಾನ್ ನಮ್ಮ ಬೀದಿಗೆ ಬರುವುದೇ ಅಪರೂಪ. ಬಂದರೆ ಹಟ್ಟಿ ಕೆಲಸ ಬಿಟ್ಟು ಬಾಗಿಲಿಗೆ ಹೋಗುತ್ತೇನೆ. ಮೇಡಂ ಕಾಗದ ಇನ್ನೂ ಬಂದಿಲ್ಲ.